ಮಾರ್ಚ್‌ನ ಜಗಳ, ಸೆಪ್ಟೆಂಬರ್‌ನ ಪಂದ್ಯ

ಸೀಸನ್ನಿನ ಮೊದಲ ಪಂದ್ಯಕ್ಕೆ ಪಾಯಿಂಟ್ಸ್ ಟೇಬಲ್ ಇರುವುದಿಲ್ಲ. ಎಲ್ಲರದ್ದೂ ಸೊನ್ನೆ. ಯಾವ ಟೀಮ್ ಚೆನ್ನಾಗಿ ಆಡುತ್ತಿದೆ, ಯಾವುದು ಒದ್ದಾಡುತ್ತಿದೆ ಎಂದು ಹೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಮಾತೆಲ್ಲ ಹಿಂದಿನ ಸೀಸನ್ನಿಗೇ ಹೋಗುತ್ತದೆ. 2023ರ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, ಸೆಪ್ಟೆಂಬರ್ 21ಕ್ಕೆ ಶುರು, ಮೊದಲ ಪಂದ್ಯ ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ಮಧ್ಯೆ, ಅದೂ ಕೊಚ್ಚಿಯಲ್ಲಿ ಎಂದು ಗೊತ್ತಾದ ದಿನ ನಮ್ಮ ಆಫೀಸಿನಲ್ಲಿ ಆಗಿದ್ದೂ ಇದೇ. ಸೆಪ್ಟೆಂಬರ್ ಬಗ್ಗೆ ಯಾರೂ ಮಾತಾಡಲಿಲ್ಲ. ಎಲ್ಲರ ಬಾಯಲ್ಲೂ ಮಾರ್ಚ್ 3.

ಆ ರಾತ್ರಿ ನಾನು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿದ್ದೆ. ಲೀಗಿನಲ್ಲಿ ನಾಲ್ಕನೇ ಸ್ಥಾನದ ನಾವು ಬೆಂಗಳೂರಿನವರು, ಐದನೇ ಸ್ಥಾನದ ಬ್ಲಾಸ್ಟರ್ಸ್. ಒಂದೇ ನಾಕೌಟ್ ಪಂದ್ಯ, ಗೆದ್ದವರಿಗೆ ಸೆಮಿಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಬಾಕ್ಸಿನ ಹತ್ತಿರ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಚೆಂಡಿಗೆ ಅಡ್ಡವಾಗಿ ತನ್ನ ಆಟಗಾರರ ಗೋಡೆ ಇನ್ನೂ ನಿಲ್ಲಿಸುತ್ತಿದ್ದ. ನಮ್ಮ ಸುನಿಲ್ ಛೆಟ್ರಿ ಕಾಯಲಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಅವರು ಹೋದರು, ವಾಪಸ್ ಬರಲೇ ಇಲ್ಲ.

ಮತ್ತೆ ಪಂದ್ಯ ಆಡಿಸಿ ಎಂದು ಅವರು ಕೇಳಿದರು, ಅದು ಆಗಲಿಲ್ಲ. ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ. ನಾವು ಸೆಮಿಫೈನಲ್‌ನಲ್ಲಿ ಮುಂಬೈಯನ್ನು ದಾಟಿದೆವು. ಗೋವಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಕೈಯಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು.

ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ. ತಕ್ಷಣ ಫ್ರೀ ಕಿಕ್ ಹೊಡೆಯಲು ನಿಯಮ ಅವಕಾಶ ಕೊಡುತ್ತದೆ. ಎದುರಾಳಿಗಳನ್ನು ಹಿಂದೆ ಸರಿಸಿ, ವಿಸಿಲ್ ಊದಿದ ಮೇಲೆ ಹೊಡೆಯಿರಿ ಎಂದು ರೆಫರಿ ಹೇಳಿದ್ದರೆ ಮಾತ್ರ ಕಾಯಬೇಕು. ಇಲ್ಲಿ ರೆಫರಿ ಅದನ್ನು ಹೇಳಿದ್ದರೋ ಇಲ್ಲವೋ ಅನ್ನುವುದೇ ಜಗಳದ ಮೂಲ. ಛೆಟ್ರಿ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಆದರೆ ಒಂದು ನಾಕೌಟ್ ಪಂದ್ಯ ಅರ್ಧಕ್ಕೇ ನಿಂತುಹೋಯಿತಲ್ಲ, ಆ ಬೇಜಾರು ನನಗೂ ಇತ್ತು. ಗೆದ್ದೆವು ನಿಜ, ಆದರೆ ಆಟ ಮುಗಿಯಲಿಲ್ಲ.

ನನ್ನ ಆಫೀಸಿನ ಪಕ್ಕದ ಸೀಟಿನವರು ತ್ರಿಶೂರಿನವರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಎಲ್ಲರೂ ಚೇಟಾ (ಮಲಯಾಳದಲ್ಲಿ ಅಣ್ಣ) ಅನ್ನುತ್ತಾರೆ, ನಾನೂ ಹಾಗೇ. ಬೆಂಗಳೂರಿಗೆ ಬಂದು ಬಹಳ ಕಾಲ ಆಗಿದೆ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಆದರೆ ಫುಟ್‌ಬಾಲ್ ವಿಷಯದಲ್ಲಿ ಪೂರ್ತಿ ಬ್ಲಾಸ್ಟರ್ಸ್‌ನ ಹಳದಿ. ಮಾರ್ಚ್‌ನಲ್ಲಿ ಅವರೂ ಕಂಠೀರವಕ್ಕೆ ಬಂದಿದ್ದರು, ಬ್ಲಾಸ್ಟರ್ಸ್ ಅಭಿಮಾನಿಗಳ ಸ್ಟ್ಯಾಂಡಿನಲ್ಲಿ. ಕೊಚ್ಚಿ ಪಂದ್ಯದ ದಿನ ಗೊತ್ತಾದ ಕೂಡಲೇ, "ನೀನು ಬರ್ತೀಯ. ನನ್ನ ತಂಗಿ ಮನೆ ಕಲೂರಲ್ಲೇ ಇದೆ, ಸ್ಟೇಡಿಯಂಗೆ ನಡ್ಕೊಂಡೇ ಹೋಗ್ಬಹುದು" ಅಂದರು. ಗಣೇಶ ಹಬ್ಬ ಆಗಷ್ಟೇ ಮುಗಿದಿತ್ತು. ಇನ್ನೆರಡು ದಿನ ರಜೆ ಹಾಕಿದೆ. ಬುಧವಾರ ರಾತ್ರಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಹತ್ತಿದೆವು.

ರೈಲಿನಲ್ಲಿ ಮಲಗುವುದಕ್ಕೆ ಮುಂಚೆ ನಾಳೆಯ ಪಂದ್ಯದ ಲೆಕ್ಕ ಹಾಕಲು ಕೂತೆವು. ಚೇಟಾ ಒಂದು ಕಾಗದದ ಮೇಲೆ ಎರಡೂ ಟೀಮಿನ ಹೆಸರು ಬರೆಯತೊಡಗಿದರು. ಆಗಲೇ ನನಗೆ ಒಂದು ವಿಷಯ ಸರಿಯಾಗಿ ಹೊಳೆದಿದ್ದು. ಮಾರ್ಚ್‌ನ ಆ ಜಗಳದ ಮುಖ್ಯ ಮುಖಗಳೇ ನಾಳೆ ಇರುವುದಿಲ್ಲ. ಛೆಟ್ರಿ ಇಲ್ಲ. ಅವರು ಏಷ್ಯನ್ ಗೇಮ್ಸ್‌ಗೆ ಭಾರತ ತಂಡದ ಜೊತೆ ಚೀನಾದ ಹಾಂಗ್‌ಝೌನಲ್ಲಿದ್ದರು. ವುಕೊಮನೊವಿಚ್ ನಿಷೇಧ ಇನ್ನೂ ಮುಗಿದಿಲ್ಲ. ಅವರ ಬದಲು ಸಹಾಯಕ ಕೋಚ್ ಫ್ರಾಂಕ್ ಡೌವೆನ್ ಲೈನ್ ಪಕ್ಕ ನಿಲ್ಲುತ್ತಾರೆ. ಗೋಡೆ ಕಟ್ಟುತ್ತಿದ್ದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಈಸ್ಟ್ ಬೆಂಗಾಲ್‌ಗೆ ಹೋಗಿದ್ದಾನೆ. ನಮ್ಮ ಕಡೆ ರಾಯ್ ಕೃಷ್ಣ ಒಡಿಶಾಗೆ, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾಗೆ. ಅವರ ಕಡೆ ಸಹಲ್ ಅಬ್ದುಲ್ ಸಮದ್ ಮೋಹನ್ ಬಗಾನ್‌ಗೆ, ಅಲ್ಲಿಂದ ಪ್ರೀತಮ್ ಕೋಟಾಲ್ ಬ್ಲಾಸ್ಟರ್ಸ್‌ಗೆ.

ಅಷ್ಟೇ ಅಲ್ಲ. ಬ್ಲಾಸ್ಟರ್ಸ್ ಕ್ಯಾಪ್ಟನ್ ಆಗಿದ್ದ ಜೆಸ್ಸೆಲ್ ಕಾರ್ನೇರೊ ಈಗ ನಮ್ಮವನು. ಮಾರ್ಚ್‌ನಲ್ಲಿ ನಮ್ಮ ಟೀಮಿನಲ್ಲಿದ್ದ ಪ್ರಬೀರ್ ದಾಸ್ ಈಗ ಹಳದಿ ಜೆರ್ಸಿಯಲ್ಲಿ. ದಾನಿಷ್ ಫಾರೂಕ್ ಅಂತೂ ಜನವರಿಯಲ್ಲೇ ನಮ್ಮನ್ನು ಬಿಟ್ಟು ಅವರ ಕಡೆ ಹೋಗಿದ್ದ.

"ಹಾಗಾದ್ರೆ ನಾಳೆ ನಾವು ಯಾರ ಮೇಲೆ ಕೂಗೋದು?" ಎಂದು ನಾನು ಕೇಳಿದೆ.

ಚೇಟಾ ನಗಲಿಲ್ಲ. "ಜೆರ್ಸಿ ಮೇಲೆ" ಅಂದರು.

ಆ ಮಾತನ್ನು ನಾನು ಒಪ್ಪುತ್ತೇನೆ. ಈ ಜಿದ್ದನ್ನು ಕಾಪಾಡಿಕೊಂಡು ಬಂದಿರುವುದು ಆಟಗಾರರಲ್ಲ, ನೋಡುವವರು. ಆಟಗಾರರಿಗೆ ಇದು ಕೆಲಸ. ಕಾಂಟ್ರ್ಯಾಕ್ಟ್ ಮುಗಿದರೆ ಇನ್ನೊಂದು ಊರು. ನಮಗೆ ಹಾಗಲ್ಲ. ಬೆಂಗಳೂರು ಎಫ್‌ಸಿ ಶುರುವಾಗಿದ್ದು 2013ರಲ್ಲಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಬ್ಲಾಸ್ಟರ್ಸ್ 2014ರಲ್ಲಿ ಹುಟ್ಟಿತು. ಮೂರು ಸಲ ಐಎಸ್‌ಎಲ್ ಫೈನಲ್ ಮುಟ್ಟಿದೆ, ಒಂದೂ ಗೆದ್ದಿಲ್ಲ. ನಾವು ಐಎಸ್‌ಎಲ್‌ಗೆ ಬಂದಿದ್ದು 2017ರಲ್ಲಿ. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಕೊಚ್ಚಿಯಲ್ಲಿ ಅವರ ಜನರ ಮುಂದೆ 3-1ರಿಂದ ಗೆದ್ದೆವು. ಮುಂದಿನ ಸಲವೂ ಅಲ್ಲಿ ಗೆದ್ದೆವು. ಆಮೇಲೆ ಗಾಳಿ ತಿರುಗಿತು. 2020ರ ಫೆಬ್ರವರಿಯಲ್ಲಿ 2-1, 2022ರ ಡಿಸೆಂಬರ್‌ನಲ್ಲಿ 3-2, ಎರಡೂ ಅವರದೇ. ಇತ್ತ ಕಂಠೀರವದಲ್ಲಿ ಅವರು ನಮ್ಮನ್ನು ಒಂದು ಸಲವೂ ಸೋಲಿಸಿರಲಿಲ್ಲ. ನಮ್ಮ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರೂ ಅವರ ಅಭಿಮಾನಿಗಳ ಗುಂಪು ಮಂಜಪ್ಪಡದವರೂ ಈ ಸ್ಕೋರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಮಲಯಾಳಿಗಳು ಎಷ್ಟು ಜನ ಇದ್ದಾರೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಈ ಜಿದ್ದು ಎರಡು ರಾಜ್ಯಗಳ ನಡುವಿನದ್ದಲ್ಲ. ಒಂದೇ ಕ್ಯಾಂಟೀನಿನ ಎರಡು ಟೇಬಲ್ ನಡುವಿನದ್ದು.

ಇನ್ನು ಆಟದ ಲೆಕ್ಕ. ನನ್ನ ಚಿಂತೆ ಗೋಲ್ ಹೊಡೆಯುವುದರ ಬಗ್ಗೆ ಇತ್ತು. ಛೆಟ್ರಿ ಇಲ್ಲ, ಕೃಷ್ಣ ಇಲ್ಲ. ತಮಿಳುನಾಡಿನ ಹುಡುಗ ಶಿವಶಕ್ತಿ ಇದ್ದಾನೆ, ಅವನಲ್ಲಿ ವೇಗ ಇದೆ. ಜೊತೆಗೆ ಇಂಗ್ಲೆಂಡಿನ ಕರ್ಟಿಸ್ ಮೇನ್, ಆಸ್ಟ್ರೇಲಿಯಾದ ರಯಾನ್ ವಿಲಿಯಮ್ಸ್, ಇಬ್ಬರೂ ಹೊಸಬರು. ಡಿಫೆನ್ಸ್‌ನಲ್ಲಿ ಕೆಜಿಯಾ ವೀನ್‌ಡಾರ್ಪ್ ಮತ್ತು ಸ್ಲಾವ್ಕೊ ದಮ್ಯಾನೊವಿಚ್, ಅವರೂ ಹೊಸಬರೇ. ಹಳೆಯ ಜೋಡಿ ಒಬ್ಬರ ಕಾಲು ಒಬ್ಬರು ನೋಡದೆಯೇ ಚೆಂಡು ಕೊಡುತ್ತಿತ್ತು. ಈ ನಂಟು ಬೆಳೆಯಲು ಪಂದ್ಯಗಳೇ ಬೇಕು, ಪ್ರಾಕ್ಟೀಸಿನಿಂದ ಪೂರ್ತಿ ಬರುವುದಿಲ್ಲ. ಮೊದಲ ಪಂದ್ಯದ ಅಪಾಯ ಅಂದರೆ ಇದೇ. ಎಷ್ಟೇ ಒಳ್ಳೆಯ ಆಟಗಾರರು ಬಂದಿರಲಿ, ಹಿಂದೆ ಯಾರಿಗೆ ಕೂಗಬೇಕು, ಯಾವಾಗ ಚೆಂಡು ಬಿಡಬೇಕು ಅನ್ನುವ ಸಣ್ಣ ಸಣ್ಣ ಒಪ್ಪಂದಗಳು ಇನ್ನೂ ಆಗಿರುವುದಿಲ್ಲ.

ಚೇಟಾ ಚಿಂತೆ ಬೇರೆ. ಹಿಂದಿನ ಸೀಸನ್ನಿನಲ್ಲಿ ಅವರ ಪರ ಅತಿ ಹೆಚ್ಚು ಗೋಲ್ ಹೊಡೆದ ಡಿಮಿಟ್ರಿಯೋಸ್ ಡಿಯಾಮಾಂಟಕೋಸ್ ಗಾಯಗೊಂಡಿದ್ದ. ಗೋಲಿನಲ್ಲಿ ಸಚಿನ್ ಸುರೇಶ್ ಅನ್ನುವ ಹೊಸ ಹುಡುಗ ನಿಲ್ಲಬಹುದು ಅಂದರು. "ತ್ರಿಶೂರಿನವನೇ" ಎಂದು ಸೇರಿಸಿದರು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಭಯವೂ ಇತ್ತು. ಅವರ ನಂಬಿಕೆಯೆಲ್ಲ ಉರುಗ್ವೆಯ ಏಡ್ರಿಯನ್ ಲೂನಾ ಮೇಲೆ. ನನಗೂ ಹೆದರಿಕೆ ಇದ್ದದ್ದು ಅವನೊಬ್ಬನದೇ. ಅವನ ಕಾರ್ನರ್, ಅವನ ಫ್ರೀ ಕಿಕ್, ಚೆಂಡು ಕಳೆದುಕೊಂಡ ಕೂಡಲೇ ಅದರ ಹಿಂದೆ ಓಡುವ ಹಟ. ನಮ್ಮ ಟೀಮಿಗೆ ಬೇಕಿತ್ತು ಅಂತ ನಾನು ಆಸೆಪಟ್ಟ ಆಟಗಾರ.

ಬೆಳಿಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿದೆವು. ತಂಗಿ ಮನೆಯಲ್ಲಿ ಸ್ನಾನ, ತಿಂಡಿ. ನಾನು ಚೇಚಿ (ಅಕ್ಕ) ಅಂತ ಕರೆದಿದ್ದಕ್ಕೆ ಅವರಿಗೆ ಖುಷಿಯಾಯಿತು. ಬ್ಯಾಗಿನಲ್ಲಿ ನನ್ನ ನೀಲಿ ಜೆರ್ಸಿ ಕಂಡು, ಇದನ್ನು ಇವತ್ತು ಹಾಕಬೇಡ ಎಂದು ಕೈ ಸನ್ನೆ ಮಾಡಿದರು. ಹಾಕುವ ಯೋಚನೆ ನನಗೂ ಇರಲಿಲ್ಲ. ಟಿಕೆಟ್ ಚೇಟಾ ಪಕ್ಕದ್ದೇ, ಮಂಜಪ್ಪಡದವರ ನಡುವೆ. ಬೇರೆಯವರ ಮನೆಗೆ ಹೋದಾಗ ಇರಬೇಕಾದ ಮರ್ಯಾದೆ ಇರಬೇಕು.

ಆ ದಿನದ ಅತಿ ಒಳ್ಳೆಯ ಹೊತ್ತು ಮಾತ್ರ ಸ್ಟೇಡಿಯಂನಲ್ಲಿ ಸಿಗಲಿಲ್ಲ. ಮಧ್ಯಾಹ್ನ ಊಟದ ಸಮಯಕ್ಕೆ ಹಾಂಗ್‌ಝೌನಲ್ಲಿ ಭಾರತ-ಬಾಂಗ್ಲಾದೇಶ ಪಂದ್ಯ ಇತ್ತು. ಎರಡು ದಿನದ ಹಿಂದೆ ಭಾರತ ಚೀನಾ ಎದುರು 5-1ರಿಂದ ಸೋತಿತ್ತು. ಆ ಪಂದ್ಯದಲ್ಲಿ ಭಾರತದ ಒಂದೇ ಗೋಲ್ ಹೊಡೆದವನು ರಾಹುಲ್ ಕೆ.ಪಿ., ಬ್ಲಾಸ್ಟರ್ಸ್ ಹುಡುಗ. ಮನೆಯವರೆಲ್ಲ ಪಂದ್ಯ ನೋಡುತ್ತಾ ಕೂತೆವು. ಎಂಬತ್ತು ನಿಮಿಷ ಆದರೂ ಗೋಲಿಲ್ಲ. ಆಗ ಬಾಕ್ಸಿನೊಳಗೆ ಬ್ರೈಸ್ ಮಿರಾಂಡಾನನ್ನು ಬೀಳಿಸಿದರು. ಪೆನಾಲ್ಟಿ. ಅವನೂ ಬ್ಲಾಸ್ಟರ್ಸ್‌ನವನೇ. ಚೆಂಡು ಇಟ್ಟುಕೊಂಡವರು ಛೆಟ್ರಿ.

ಆರು ತಿಂಗಳಿಂದ ಛೆಟ್ರಿ ಹೆಸರು ಬಂದರೆ ಚೇಟಾ ಮುಖ ತಿರುಗಿಸುತ್ತಿದ್ದರು. ಈಗ ಎದ್ದು ನಿಂತಿದ್ದರು, ಅನ್ನ ಕಲಸಿದ ಕೈ ಹಾಗೇ ಇತ್ತು. ಚೆಂಡು ಒಳಗೆ ಹೋಯಿತು. ಭಾರತ 1-0. ಚೇಟಾ ಜೋರಾಗಿ ಕೂಗಿದರು. ನಾನೂ ಕೂಗಿದೆ. ಆಮೇಲೆ ಅವರು ಕೂತುಕೊಂಡು, "ದೇಶಕ್ಕೆ ಆಡುವಾಗ ಅವನು ನಮ್ಮವನು. ಸಂಜೆ ಅವನಿಲ್ಲ, ಒಳ್ಳೇದೇ ಆಯ್ತು" ಅಂದರು. ನನಗೆ ಅವರ ಮೇಲಿನ ಪ್ರೀತಿ ಜಾಸ್ತಿ ಆಯಿತು. ಮಾರ್ಚ್‌ನ ಸಿಟ್ಟನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಬಿಟ್ಟುಕೊಡಲೇಬೇಕು ಅಂತಲೂ ಇಲ್ಲ, ಅಲ್ವಾ?

ಲೀಗಿನವರು ಈ ಎರಡು ಟೀಮುಗಳನ್ನೇ ಮೊದಲ ದಿನಕ್ಕೆ ಇಟ್ಟಿದ್ದು ಸರಿಯೇ ಎಂಬ ಚರ್ಚೆ ಊಟದ ನಂತರ ಬಂತು. ಸುಮ್ನೆ ಜಗಳ ಕೆದಕಿ ಜನ ಸೇರಿಸುವ ಉಪಾಯ ಎಂದು ಚೇಚಿಯ ಗಂಡ ಹೇಳಿದರು. ನಾನು ಒಪ್ಪಲಿಲ್ಲ. ಅರ್ಧಕ್ಕೆ ನಿಂತ ಪಂದ್ಯದ ನಂತರ ಇವೆರಡು ಟೀಮುಗಳು ಮೈದಾನಕ್ಕೆ ಇಳಿದೇ ಇರಲಿಲ್ಲ ಅಂತೇನಲ್ಲ. ಏಪ್ರಿಲ್‌ನಲ್ಲಿ ಕೋಳಿಕ್ಕೋಡಿನ ಸೂಪರ್ ಕಪ್‌ನಲ್ಲಿ 1-1, ಆಗಸ್ಟ್‌ನಲ್ಲಿ ಡುರಾಂಡ್ ಕಪ್‌ನಲ್ಲೂ ಡ್ರಾ. ಆದರೆ ಲೀಗೇ ಬೇರೆ. ಇಲ್ಲಿ ಸಿಗುವ ಮೂರು ಪಾಯಿಂಟು ವಸಂತದವರೆಗೂ ಲೆಕ್ಕಕ್ಕೆ ಇರುತ್ತದೆ. ಎಲ್ಲರ ಮನಸ್ಸಿನಲ್ಲಿ ಕುದಿಯುತ್ತಿರುವ ಪಂದ್ಯವನ್ನು ನವೆಂಬರ್‌ವರೆಗೆ ಮುಂದೂಡಿದರೆ ಏನು ಲಾಭ? ಮೊದಲೇ ಆಡಿಸಲಿ. ತೊಂಬತ್ತು ನಿಮಿಷ ಪೂರ್ತಿ ಆಡಲಿ. ನನಗೆ ಬೇಕಿದ್ದುದು ಅಷ್ಟೇ. ಗೆಲುವು ಕೂಡ ಅದರ ನಂತರ.

ಸಂಜೆ ಕಲೂರಿನ ರಸ್ತೆಗಳು ಹಳದಿಯಾಗಿದ್ದವು. ಮೆಟ್ರೋ ಸ್ಟೇಷನ್ನಿನಿಂದ ಇಳಿಯುವವರೆಲ್ಲ ಹಾಡುತ್ತಲೇ ಇಳಿಯುತ್ತಿದ್ದರು. ಜವಾಹರಲಾಲ್ ನೆಹರೂ ಸ್ಟೇಡಿಯಂನ ಆ ಎತ್ತರದ ಕಾಂಕ್ರೀಟ್ ಗ್ಯಾಲರಿ ಹತ್ತುವಾಗಲೇ ಕಿವಿ ತುಂಬಿಹೋಯಿತು. ಕಂಠೀರವದಲ್ಲಿ ಶಬ್ದ ಒಂದು ಸ್ಟ್ಯಾಂಡಿನಿಂದ ಬರುತ್ತದೆ. ಇಲ್ಲಿ ಸುತ್ತಲಿಂದ. ನಮ್ಮ ಹೊಸ ಹುಡುಗರು ಮೊದಲ ಸಲ ಇಲ್ಲಿಗೆ ಇಳಿಯುತ್ತಾರಲ್ಲ ಎಂದು ನಿಜವಾಗಿ ಕಳವಳ ಆಯಿತು. ಜೆಸ್ಸೆಲ್ ಹೆಸರು ಹೇಳಿದಾಗ ಜನ ಏನು ಮಾಡುತ್ತಾರೆ ಎಂದು ಕಿವಿಗೊಟ್ಟೆ. ಆ ಗದ್ದಲದಲ್ಲಿ ಏನೂ ಬೇರೆಯಾಗಿ ಕೇಳಲಿಲ್ಲ.

ಎಂಟು ಗಂಟೆಗೆ ಆಟ ಶುರು. ಮೊದಲರ್ಧ ಯಾರದ್ದೂ ಅಲ್ಲ. 52ನೇ ನಿಮಿಷದಲ್ಲಿ ಲೂನಾ ಹೊಡೆದ ಕಾರ್ನರ್ ನಮ್ಮ ವೀನ್‌ಡಾರ್ಪ್‌ಗೆ ತಾಗಿ ನಮ್ಮ ಗೋಲಿಗೇ ಹೋಯಿತು. 69ರಲ್ಲಿ ಹಿಂದೆ ಬಂದ ಚೆಂಡನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಸರಿಯಾಗಿ ಹಿಡಿತಕ್ಕೆ ತಗೊಳ್ಳುವುದರೊಳಗೆ ಲೂನಾ ಬಂದು ಕಿತ್ತುಕೊಂಡು ಒಳಗೆ ಹಾಕಿದ. ರೈಲಿನಲ್ಲಿ ನಾನು ಹೆದರಿದ್ದು ಯಾವುದಕ್ಕೋ ಅದೇ ಎರಡು ಸಲ ಆಯಿತು, ಹಿಂದಿನ ಸಾಲಿನ ಗೊಂದಲ ಮತ್ತು ಲೂನಾ. 90ನೇ ನಿಮಿಷದಲ್ಲಿ ಕರ್ಟಿಸ್ ಮೇನ್ ಒಂದು ವಾಪಸ್ ಕೊಟ್ಟ. ಸುತ್ತಲಿದ್ದವರು ಗಪ್ಪಾದಾಗ ನಾನೊಬ್ಬನೇ ಎದ್ದು ನಿಂತಿದ್ದೆ. ಯಾರೂ ಏನೂ ಅನ್ನಲಿಲ್ಲ. 2-1, ಬ್ಲಾಸ್ಟರ್ಸ್ ಗೆದ್ದರು. ಕೊನೆಯ ವಿಸಿಲ್‌ವರೆಗೂ ಎರಡೂ ಟೀಮ್ ಮೈದಾನದಲ್ಲಿದ್ದವು.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ವಾದ. ಗುರ್‌ಪ್ರೀತ್ ಆ ಚೆಂಡನ್ನು ಸೀದಾ ಆಚೆ ಒದೆಯಬೇಕಿತ್ತು ಎಂದು ಚೇಟಾ. ಹಿಂದಿನಿಂದಲೇ ಪಾಸ್ ಮಾಡಿ ಆಡು ಅಂತ ಕೋಚ್ ಹೇಳಿದ್ದರೆ ಅವನೇನು ಮಾಡಬೇಕು ಎಂದು ನಾನು. ಕಾರ್ನರ್‌ನಲ್ಲಿ ವೀನ್‌ಡಾರ್ಪ್ ಮುಂದೆ ಇನ್ನೊಬ್ಬ ನಿಲ್ಲಬೇಕಿತ್ತು, ಹತ್ತಿರದ ಕಂಬದ ಹತ್ತಿರ ಯಾರೂ ಇರಲಿಲ್ಲ ಎಂದು ರಸ್ತೆ ಬದಿಯಲ್ಲಿ ನಿಂತು ಕೈಯಲ್ಲೇ ಚಿತ್ರ ಬರೆದು ತೋರಿಸಿದೆ. ಮಾರ್ಚ್ 3ರ ಮಾತನ್ನು ಇಬ್ಬರೂ ಎತ್ತಲಿಲ್ಲ. ಮುಂದಿನ ವಾರ ನಮಗೆ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಮೇಲೆ ಪಂದ್ಯ. ಅಷ್ಟರೊಳಗೆ ಆ ಡಿಫೆನ್ಸ್ ಸರಿಹೋಗಬೇಕು.