ಬಲಕ್ಕೆ ತಿರುಗುವಂತಿಲ್ಲ, ಎಡಕ್ಕೆ ನಿಲ್ಲುವಂತಿಲ್ಲ

"ಸ್ವಲ್ಪ ತಡೀರಿ ಅಮ್ಮಾ, ಗಾಡಿಗಳು ಹೋಗ್ಲಿ."

"ಆಗಿನಿಂದ ತಡೆದೇ ಇದ್ದೀನಪ್ಪಾ. ನಿಲ್ಲೋದು ಬರೀ ನಮ್ಮ ಕೆಲಸನಾ?"

ಈ ವಾರವೆಲ್ಲ ಇದೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಆಫೀಸಿನ ದಾರಿಯಲ್ಲಿ ಸಿಗುವ ದೊಡ್ಡ ಸಿಗ್ನಲ್‌ನ ಎಡ ಮೂಲೆಯಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಟ್ರಾಫಿಕ್ ಪೊಲೀಸಿಗೆ ಕೇಳಿದ್ದು. ದನಿಯಲ್ಲಿ ಜಗಳ ಇರಲಿಲ್ಲ. ಉತ್ತರ ಬೇಕಾಗಿಯೇ ಕೇಳಿದ್ದರು. ಆತ ಉತ್ತರ ಕೊಡಲಿಲ್ಲ. ಬರುತ್ತಿದ್ದ ಕಾರಿಗೆ ಬೇಗ ಹೋಗು ಅಂತ ಕೈ ಬೀಸಿದ.

ಅಲ್ಲಿ ಈಗ ಬಲ ತಿರುವು ಬಂದ್ ಆಗಿದೆ. ಬಲಕ್ಕೆ ಹೋಗಬೇಕಾದವರು ನೇರ ಮುಂದೆ ಹೋಗಿ, ಯೂ-ಟರ್ನ್ ತೆಗೆದುಕೊಂಡು, ವಾಪಸ್ ಬಂದು ಎಡಕ್ಕೆ ತಿರುಗಬೇಕು. ಅದರ ಜೊತೆಗೇ ಎಡ ತಿರುವನ್ನು ಪೂರ್ತಿ ಫ್ರೀ ಲೆಫ್ಟ್ ಮಾಡಿದ್ದಾರೆ. ಸಿಗ್ನಲ್ ಯಾವ ಬಣ್ಣದಲ್ಲಿದ್ದರೂ ಎಡಕ್ಕೆ ಹೋಗುವವರು ನಿಲ್ಲಬೇಕಾಗಿಲ್ಲ.

ಬಲ ತಿರುವನ್ನು ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅದರ ಹಿಂದೆ ಗಟ್ಟಿ ಲೆಕ್ಕ ಇದೆ. ನಾಲ್ಕು ರಸ್ತೆ ಕೂಡುವ ಕಡೆ ಗಾಡಿಗಳ ದಾರಿಗಳು ಒಂದಕ್ಕೊಂದು ತಾಗುವ ಜಾಗಗಳು 32. ಅದರಲ್ಲಿ ಒಂದರ ದಾರಿಯನ್ನು ಇನ್ನೊಂದು ಅಡ್ಡ ಕತ್ತರಿಸುವ ಜಾಗಗಳು 16. ದೊಡ್ಡ ಅಪಘಾತಗಳ ಭಯ ಇರುವುದು ಇಲ್ಲಿಯೇ. ಎಡಬದಿಯಲ್ಲಿ ಗಾಡಿ ಓಡಿಸುವ ದೇಶಗಳಲ್ಲಿ ಆ 16ರಲ್ಲಿ 12 ಬರುವುದು ಬಲ ತಿರುವಿನಿಂದ. ನಾಲ್ಕೂ ಕಡೆ ಬಲ ತಿರುವು ತೆಗೆದರೆ ಉಳಿಯುವುದು ನಾಲ್ಕೇ. ಸಿಗ್ನಲ್‌ನ ಸರದಿಗಳೂ ಕಡಿಮೆಯಾಗುತ್ತವೆ. ಪ್ರತಿ ಸರದಿ ಬದಲಾಗುವಾಗ ಯಾರೂ ಹೋಗಲಾಗದ ಕೆಲವು ಸೆಕೆಂಡು ಸುಮ್ನೆ ಪೋಲಾಗುತ್ತವಲ್ಲ, ಅವು ಉಳಿಯುತ್ತವೆ. ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 1960ರ ದಶಕದಿಂದಲೂ ದೊಡ್ಡ ರಸ್ತೆಗಳಲ್ಲಿ ಇದೇ ತರಹದ ಏರ್ಪಾಡು ನಡೆಯುತ್ತಿದೆ. ಅವರು ಬಲಬದಿಯಲ್ಲಿ ಓಡಿಸುವುದರಿಂದ ಅಲ್ಲಿ ತಡೆಯುವುದು ಎಡ ತಿರುವನ್ನು, ಅಷ್ಟೇ ವ್ಯತ್ಯಾಸ.

ಆದರೆ ಆ 32ರಲ್ಲಿ ನಡೆದು ಹೋಗುವವರು ಒಬ್ಬರೂ ಇಲ್ಲ. ಅದು ಗಾಡಿಗೂ ಗಾಡಿಗೂ ನಡುವಿನ ಲೆಕ್ಕ ಮಾತ್ರ. ಮನುಷ್ಯರನ್ನು ಬೇರೆಯಾಗಿ ಎಣಿಸಬೇಕು, ಯಾರಾದರೂ ಎಣಿಸಲು ಮನಸ್ಸು ಮಾಡಿದರೆ.

ಬೋರ್ಡ್ ಬರುವ ಮೊದಲು ಅಲ್ಲಿ ಇಬ್ಬರು ಹುಡುಗರು ಹಾಳೆ ಹಿಡಿದು ನಿಂತು ಗಾಡಿ ಎಣಿಸುತ್ತಿದ್ದರು. ಕುತೂಹಲಕ್ಕೆ ಇಣುಕಿ ನೋಡಿದ್ದೆ. ಬೈಕಿಗೆ ಒಂದು ಕಾಲಂ, ಕಾರಿಗೆ ಒಂದು, ಬಸ್ಸಿಗೆ ಒಂದು, ಲಾರಿಗೆ ಒಂದು. ನಡೆಯುವವರಿಗೆ ಕಾಲಂ ಇರಲಿಲ್ಲ.

ಆ ಹೆಂಗಸು ನಿಂತಿದ್ದ ಜಾಗವನ್ನೇ ನೋಡಿ. ಫುಟ್‌ಪಾತಿನಿಂದ ಇಳಿದು, ಎಡಕ್ಕೆ ತಿರುಗುವ ಲೇನನ್ನು ದಾಟಿ, ನಡುವಿನ ಸಣ್ಣ ತ್ರಿಕೋನ ಕಟ್ಟೆ ಸೇರಬೇಕು. ಅಲ್ಲಿಂದ ಮುಂದಕ್ಕೆ ದೊಡ್ಡ ರಸ್ತೆ. ದೊಡ್ಡ ರಸ್ತೆಗೆ ಪಾದಚಾರಿಗಳ ಹಸಿರು ದೀಪ ಇದೆ. ಅದು ಹೊತ್ತಿಕೊಂಡಿತ್ತು ಕೂಡ. ಆದರೆ ಕಟ್ಟೆಯವರೆಗೆ ಹೋಗುವುದು ಹೇಗೆ? ಈ ಲೇನಿಗೆ ಕೆಂಪು ದೀಪವೇ ಇಲ್ಲ. ಒಂದು ಕಾಲು ಕೆಳಗಿಟ್ಟರು, ಬೈಕ್ ಬಂತು, ತೆಗೆದರು. ಮತ್ತೆ ಇಟ್ಟರು, ಕಾರು ಬಂತು, ತೆಗೆದರು. ಎದುರಿಗಿದ್ದ ಹಸಿರು ಮಿನುಗಿ ಕೆಂಪಾಯಿತು. ಆಗಲೇ ಅವರು ಪೊಲೀಸಿನತ್ತ ತಿರುಗಿ ಕೇಳಿದ್ದು. ನಿಲ್ಲೋದು ಬರೀ ನಮ್ಮ ಕೆಲಸನಾ?

ಸಾಮಾನ್ಯವಾಗಿ ಪಾದಚಾರಿ ಸಿಗ್ನಲ್ ಲೆಕ್ಕ ಹಾಕುವಾಗ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುತ್ತಾರೆ. ಮೊಣಕಾಲು ನೋವಿರುವವರು ಅಷ್ಟು ನಡೆಯುವುದಿಲ್ಲ. ಆದರೂ ಆ ಲೇನ್ ದಾಟಲು ಅವರಿಗೆ ಬೇಕಿದ್ದದ್ದು ಆರೇಳು ಸೆಕೆಂಡು. ಅಷ್ಟೇ.

ನಾನು ಆ ಮೂಲೆಯಲ್ಲೇ ನಿಂತು ಡ್ರೈವರ್‌ಗಳ ಕತ್ತನ್ನು ಗಮನಿಸಿದೆ. ಎಡಕ್ಕೆ ತಿರುಗುತ್ತಾ ಬರುವ ಪ್ರತಿಯೊಬ್ಬರೂ ನೋಡುತ್ತಿದ್ದದ್ದು ಬಲಕ್ಕೆ. ಮುಂದಿನ ರಸ್ತೆ ಸೇರಬೇಕಲ್ಲ, ಆ ಕಡೆಯಿಂದ ಯಾರಾದರೂ ಬರುತ್ತಿದ್ದಾರಾ ಅಂತ. ನಡೆಯುವವರು ನಿಂತಿರುವುದು ಅವರ ಎಡಕ್ಕೆ. ಒರಟರು, ಕರುಣೆ ಇಲ್ಲದವರು ಅಂತ ಬೈದು ಪ್ರಯೋಜನವಿಲ್ಲ. ಆ ತಿರುವನ್ನು ಕಟ್ಟಿರುವುದೇ ಹಾಗೆ. ಅಗಲವಾಗಿ ಬಳಸಿಕೊಂಡು ಹೋಗುವ ಅಂಚು ಬ್ರೇಕ್ ಮೇಲೆ ಕಾಲಿಡುವ ಅಗತ್ಯವನ್ನೇ ಉಳಿಸಿಲ್ಲ.

ಇನ್ನೊಂದು ನೋಡಿದೆ. ಹಿಂದಿನ ಬಾಗಿಲಿಗೆ ನೀಲಿ ಟಾರ್ಪಾಲು ಕಟ್ಟಿದ್ದ ಬಿಳಿ ವ್ಯಾನ್ ಒಂದು ಎದುರು ಕಡೆಯಿಂದ ಬಂದು, ಬಲಕ್ಕೆ ಇಂಡಿಕೇಟರ್ ಹಾಕಿ, ಬೋರ್ಡ್ ನೋಡಿ ಆರಿಸಿ, ನೇರ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ವ್ಯಾನ್, ಅದೇ ಟಾರ್ಪಾಲು, ಈ ಕಡೆಯಿಂದ ಬಂದು ನಮ್ಮ ಮುಂದೆಯೇ ಎಡಕ್ಕೆ ತಿರುಗಿತು. ಅಂದರೆ ಬಲ ತಿರುವು ಎಲ್ಲೂ ಹೋಗಿಲ್ಲ. ಅದೇ ಈಗ ಎಡ ತಿರುವಾಗಿ ಬರುತ್ತಿದೆ. ಮೊದಲಿನ ಎಡ ತಿರುವಿನವರ ಜೊತೆಗೆ ಇವರೂ ಸೇರಿ, ಎಲ್ಲರೂ ಹಾಯುವುದು ಒಂದೇ ಜೀಬ್ರಾ ಪಟ್ಟೆಯ ಮೇಲೆ. ಬಲ ತಿರುವು ನಿಂತರೆ ನಿಜ ಹೇಳಬೇಕೆಂದರೆ ನಡೆಯುವವರಿಗೆ ಅನುಕೂಲ ಆಗಬೇಕಿತ್ತು, ಒಂದು ಕಡೆಯ ಗಾಡಿಗಳ ಭಯ ತಪ್ಪುತ್ತಿತ್ತು. ಆ ಅನುಕೂಲವನ್ನು ಫ್ರೀ ಲೆಫ್ಟ್ ಪೂರ್ತಿ ಕಿತ್ತುಕೊಂಡಿದೆ.

ಮನೆಗೆ ಬಂದು ಹಳೆಯ ಕಥೆಗಳನ್ನು ತಿರುವಿದೆ. ಪ್ರಪಂಚದ ಮೊದಲ ಟ್ರಾಫಿಕ್ ಸಿಗ್ನಲ್ 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಹತ್ತಿರ ಬಂತು, ಗ್ಯಾಸ್ ದೀಪದ್ದು. ಆಗ ಕಾರೇ ಇರಲಿಲ್ಲ. ಕುದುರೆ ಗಾಡಿಗಳನ್ನು ತಡೆದು, ನಡೆದು ಹೋಗುವವರನ್ನು ದಾಟಿಸಲೆಂದೇ ಅದನ್ನು ನಿಲ್ಲಿಸಿದ್ದು. ಅದನ್ನು ಓದಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಯಾರಿಗಾಗಿ ಹುಟ್ಟಿದ್ದೋ ಅವರನ್ನೇ ಕಾಯಿಸುವ ಯಂತ್ರ ಆಗಿಬಿಟ್ಟಿದೆ. ಅಮೆರಿಕದಲ್ಲಿ 1970ರ ದಶಕದ ಪೆಟ್ರೋಲ್ ಬಿಕ್ಕಟ್ಟಿನಲ್ಲಿ, ಇಂಧನ ಉಳಿಸಲು ಕೆಂಪು ದೀಪದಲ್ಲೂ ಬಲಕ್ಕೆ ತಿರುಗಬಹುದು ಅಂತ ರಾಜ್ಯದ ಮೇಲೆ ರಾಜ್ಯ ಬಿಟ್ಟುಕೊಟ್ಟವು. ನಮ್ಮ ಫ್ರೀ ಲೆಫ್ಟ್‌ನ ಅಣ್ಣನೇ ಅದು. ಆಮೇಲೆ ಅಲ್ಲಿ ನಡೆಯುವವರಿಗೂ ಸೈಕಲ್‌ನವರಿಗೂ ಡಿಕ್ಕಿಗಳು ಜಾಸ್ತಿಯಾದವು. ನ್ಯೂಯಾರ್ಕ್ ನಗರವಂತೂ ಬಹುತೇಕ ಕಡೆ ಅದಕ್ಕೆ ಒಪ್ಪದೆ ಉಳಿದುಕೊಂಡಿದೆ.

ಆ ಪೊಲೀಸಿನವನ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ವಯಸ್ಸು, ಗಂಟಲು ಕಟ್ಟಿತ್ತು, ಬಿಸಿಲು ನೆತ್ತಿಯ ಮೇಲೆ. ಗಾಡಿ ಸಾಲು ಬೆಳೆದರೆ ಅವನನ್ನು ಕೇಳುವವರಿದ್ದಾರೆ, ಆ ತಾಯಿ ನಿಂತರೆ ಕೇಳುವವರಿಲ್ಲ. ಸಿಟ್ಟಿರುವುದು ನಕ್ಷೆಯ ಮುಂದೆ ಕೂತು, ಆ ಮೂಲೆಯನ್ನು ಒಂದು ಸಲವೂ ನಡೆದು ದಾಟದೆ ಸಹಿ ಹಾಕಿದವರ ಮೇಲೆ. ಆವತ್ತು ಕೊನೆಗೆ ಅವರನ್ನು ದಾಟಿಸಿದ್ದು ಶಾಲೆಯ ಬ್ಯಾಗ್ ಹಾಕಿದ್ದ ಒಬ್ಬ ಹುಡುಗಿ. ಕೈ ಅಡ್ಡ ಹಿಡಿದು ನಡೆದೇಬಿಟ್ಟಳು, ಹಿಂದೆ ನಾವೆಲ್ಲ. ಅವಳ ಧೈರ್ಯ ದೊಡ್ಡದು. ಆದರೆ ರಸ್ತೆ ದಾಟಲು ಒಂದು ಮಗುವಿಗೆ ಅಷ್ಟು ಧೈರ್ಯ ಯಾಕೆ ಬೇಕಾಗಬೇಕು?

ನಾನು ಒಂದು ಅರ್ಜಿ ಬರೆದಿದ್ದೇನೆ. ಬಲ ತಿರುವನ್ನು ವಾಪಸ್ ಕೊಡಿ ಅಂತ ಕೇಳಿಲ್ಲ. ಎಡದ ಲೇನಿಗೂ ಒಂದು ಕೆಂಪು ದೀಪ ಇರಲಿ, ಪಾದಚಾರಿಗಳ ಹಸಿರು ಗಾಡಿಗಳ ಹಸಿರಿಗಿಂತ ಕೆಲವು ಸೆಕೆಂಡು ಮೊದಲೇ ಬರಲಿ. ಮೂರರಿಂದ ಏಳು ಸೆಕೆಂಡು ಮುಂಚೆ ಬಿಡುವ ರೂಢಿ ಹಲವು ನಗರಗಳಲ್ಲಿದೆ. ಜೀಬ್ರಾ ಪಟ್ಟೆಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ, ತಿರುವಿನ ಅಂಚನ್ನು ಇನ್ನಷ್ಟು ಬಿಗಿ ಮಾಡಿ, ಗಾಡಿಗಳು ತಾವಾಗೇ ನಿಧಾನ ಆಗುತ್ತವೆ ಅಂತಲೂ ಬರೆದೆ.

ಪಕ್ಕದ ಸೀಟಿನ ಗೆಳೆಯ ಓದಿ, "ಎಡಕ್ಕೂ ಕೆಂಪು ಹಾಕಿದ್ರೆ ಮತ್ತೆ ಸಾಲು ಬೆಳೆಯುತ್ತೆ ಅಲ್ವಾ?" ಅಂದ. ಅವನು ದಿನಾ ಕಾರಿನಲ್ಲಿ ಬರುವವನು. ಸ್ವಲ್ಪ ಬೆಳೆಯುತ್ತೆ ಅಂದೆ. ಆಮೇಲೆ ಆ ಹೆಂಗಸಿನ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಸಲ ಎಣಿಸಲು ಬರುವವರ ಹಾಳೆಯಲ್ಲಿ ನಡೆಯುವವರಿಗೂ ಒಂದು ಕಾಲಂ ಇರಬೇಕು, ಎಷ್ಟು ಜನ ಅನ್ನುವುದಷ್ಟೇ ಅಲ್ಲ, ಎಷ್ಟು ಹೊತ್ತು ನಿಂತರು ಅನ್ನುವುದೂ ಇರಬೇಕು, ಅದನ್ನೂ ಸೇರಿಸು ಅಂದ. ಸೇರಿಸಿದೆ. ಅವನ ಸಹಿಯೂ ಇದೆ. ಸೋಮವಾರ ಇಬ್ಬರೂ ಹೋಗಿ ಕೊಟ್ಟು ಬರುತ್ತೇವೆ.