ಶೋ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ

ಬೇಸಿಗೆಯಲ್ಲಿ ಅಮೆರಿಕಕ್ಕೆ ಬಂದ ನೆಂಟರನ್ನು ನಯಾಗರಾಕ್ಕೆ ಕರೆದುಕೊಂಡು ಹೋಗುವುದು ಇಲ್ಲಿನ ವಾಡಿಕೆ. ನ್ಯೂ ಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಯಲ್ಲೂ ಅದೇ ಯೋಜನೆ ಸಿದ್ಧವಾಗಿತ್ತು. ಅಳಿಯ ಅದನ್ನು ಕೆಡಿಸಿದ. ಅವನು ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಬ್ಯಾರಿಟೋನ್ ಊದುತ್ತಾನೆ. "ಮಾಮ, ನಯಾಗರಾ ಮುಂದಿನ ವರ್ಷವೂ ಅಲ್ಲೇ ಇರುತ್ತೆ. ಡ್ರಮ್ ಕೋರ್ ಆಗಸ್ಟ್ ಎರಡನೇ ವಾರಕ್ಕೆ ಮುಗಿದುಹೋಗುತ್ತೆ" ಅಂದ. ಹಾಗಾಗಿ 2025ರ ಆಗಸ್ಟ್ ಮೊದಲ ವಾರ ಓಕ್ ಟ್ರೀ ರಸ್ತೆಯಲ್ಲಿ ಮಸಾಲೆ ದೋಸೆ ತಿಂದು, ಐ-78 ಹೆದ್ದಾರಿ ಹಿಡಿದು, ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ಗೆ ಹೊರಟೆವು. ಭಾವ ಡ್ರೈವಿಂಗ್, ಅಕ್ಕ ಚಕ್ಕುಲಿ ಡಬ್ಬದ ಉಸ್ತುವಾರಿ.

ಗೊತ್ತಿಲ್ಲದವರಿಗೆ ಎರಡು ಮಾತು. ಡ್ರಮ್ ಕೋರ್‌ನಲ್ಲಿ ಇರುವವರು ಹಿತ್ತಾಳೆ ವಾದ್ಯ ಊದುವವರು, ತಾಳವಾದ್ಯ ಬಾರಿಸುವವರು, ಬಾವುಟ ಬೀಸಿ ಕುಣಿಯುವ ಕಲರ್ ಗಾರ್ಡಿನವರು. ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಿಗೆ ಜಾಗವಿಲ್ಲ. ದೊಡ್ಡ ತಂಡ ಅಂದರೆ 150ಕ್ಕೂ ಹೆಚ್ಚು ಮಂದಿ. ವಯಸ್ಸು 22 ದಾಟಿದರೆ ಆಟ ಮುಗಿಯಿತು. ಫುಟ್‌ಬಾಲ್ ಮೈದಾನದ ಉದ್ದಗಲಕ್ಕೂ ಓಡಾಡುತ್ತಾ 11 ನಿಮಿಷದ ಆಸುಪಾಸಿನ ಒಂದೇ ಒಂದು ಶೋ ಆಡುತ್ತಾರೆ. ಇಡೀ ಬೇಸಿಗೆ ಊರೂರು ತಿರುಗಿ ಅದನ್ನೇ ತಿದ್ದುತ್ತಾರೆ, ತೀಡುತ್ತಾರೆ. ರಾತ್ರಿ ಬಸ್ಸಿನಲ್ಲಿ ಪ್ರಯಾಣ, ಮಲಗುವುದು ಯಾವುದೋ ಶಾಲೆಯ ಜಿಮ್ ನೆಲದ ಮೇಲೆ, ಬೆಳಿಗ್ಗೆ ಎದ್ದು ಬಿಸಿಲಲ್ಲಿ ತಾಲೀಮು. ಇದಕ್ಕೆ ಸಂಬಳವಿಲ್ಲ. ಉಲ್ಟಾ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಇದನ್ನೆಲ್ಲ ನಡೆಸುತ್ತದೆ. ಅದರ ಮೊದಲ ಚಾಂಪಿಯನ್‌ಷಿಪ್ ನಡೆದದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ.

ಅಲೆನ್‌ಟೌನ್‌ನ ಜೆ. ಬರ್ನಿ ಕ್ರಮ್ ಕ್ರೀಡಾಂಗಣ ಶಾಲಾ ಮಕ್ಕಳ ಫುಟ್‌ಬಾಲಿಗೆ ಕಟ್ಟಿದ್ದು. ಸುತ್ತ ಮನೆಗಳು, ಮರಗಳು. ಮೆಟ್ಟಿಲ ಮೇಲೆ ಕೂತರೆ ಬೆನ್ನು ನೋಯುತ್ತದೆ. ಆದರೆ ಸದ್ದು ನೇರ ಎದೆಗೇ ಬಂದು ತಾಗುತ್ತದೆ. ಜನ ಕುರ್ಚಿ, ಐಸ್ ಪೆಟ್ಟಿಗೆ ಹೊತ್ತುಕೊಂಡು ಮಧ್ಯಾಹ್ನದಿಂದಲೇ ಅಲ್ಲಿ ತಿರುಗುತ್ತಿದ್ದರು. ಅಲ್ಲಲ್ಲಿ ಕೆಂಗಂದು, ಚಿನ್ನದ ಬಣ್ಣದ ಹಳೇ ಅಂಗಿ ತೊಟ್ಟ ಹಿರಿಯರು ಕಂಡರು. ಕ್ಯಾಡೆಟ್ಸ್ ತಂಡದವರಂತೆ. 1934ರಲ್ಲಿ ನ್ಯೂ ಜೆರ್ಸಿಯ ಗಾರ್ಫೀಲ್ಡ್‌ನಲ್ಲಿ ಹುಟ್ಟಿ, ಆಮೇಲೆ ವರ್ಷಗಟ್ಟಲೆ ಅಲೆನ್‌ಟೌನನ್ನೇ ಮನೆ ಮಾಡಿಕೊಂಡಿದ್ದ ತಂಡ ಅದು. 2024ರಲ್ಲಿ ನಿಂತೇ ಹೋಯಿತು. ತಂಡ ಹೋದರೂ ಅಂಗಿ ಹಾಕಿಕೊಂಡು ಬಂದು, ಒಂದು ಕಾಲದಲ್ಲಿ ತಮ್ಮ ನಿದ್ದೆ ಕೆಡಿಸಿದ ತಂಡಗಳಿಗೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಶೋ ಬಗ್ಗೆ ಜಾಸ್ತಿ ಹೇಳಲ್ಲ. ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ನೋಡಿಕೊಳ್ಳಿ. ನನಗೆ ಇಷ್ಟವಾದದ್ದು ಶೋ ಮುಗಿದ ಮೇಲಿನ ಪಾರ್ಕಿಂಗ್ ಲಾಟ್.

ಅಳಿಯನ ಶಾಲೆಯ ಇಬ್ಬರು ಹಿರಿಯರು ಆ ರಾತ್ರಿ ಆಡಿದ್ದರು. ಹುಡುಗಿ ಒಂದು ತಂಡದಲ್ಲಿ ಮೆಲೊಫೋನ್, ಹುಡುಗ ಇನ್ನೊಂದು ತಂಡದಲ್ಲಿ ಸ್ನೇರ್ ಡ್ರಮ್. ಅವರನ್ನು ಮಾತಾಡಿಸಲು ಬಸ್ಸುಗಳ ಸಾಲಿನ ಹಿಂದೆ ಹೋದೆವು. ಟ್ರೇಲರ್‌ಗಳ ಬಾಗಿಲು ತೆರೆದಿದ್ದವು. ಒಳಗೆ ಟ್ಯೂಬಾ, ಮರಿಂಬಾಗಳನ್ನು ಜೋಡಿಸುತ್ತಿದ್ದರು. ಪಕ್ಕದಲ್ಲೇ ಅಡುಗೆ ಟ್ರಕ್. ಅಪ್ಪಅಮ್ಮಂದಿರು, ಹಳೆಯ ಸದಸ್ಯರು ಏಪ್ರನ್ ಕಟ್ಟಿಕೊಂಡು ರಾತ್ರಿಯ ನಾಲ್ಕನೇ ಊಟ ಬಡಿಸುತ್ತಿದ್ದರು. ಹೌದು, ದಿನಕ್ಕೆ ನಾಲ್ಕು ಊಟ. ಶೋ ಮುಗಿದ ಮೇಲೆ ಸಿಗುವುದಕ್ಕೆ 'ಸ್ನ್ಯಾಕ್' ಅಂತ ಹೆಸರು, ತಟ್ಟೆ ನೋಡಿದರೆ ನಮ್ಮ ಕಡೆ ಮದುವೆಯ ಎರಡನೇ ಪಂಕ್ತಿಗೆ ಸಾಕು.

ಸ್ನೇರ್ ಹುಡುಗ ಬೆರಳುಗಳಿಗೆ ಸುತ್ತಿದ್ದ ಬಿಳಿ ಟೇಪನ್ನು ಹಲ್ಲಿನಿಂದ ಕಿತ್ತು ತೆಗೆಯುತ್ತಾ ಬಂದ. ಸಮವಸ್ತ್ರದ ಮೇಲರ್ಧ ಕಳಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಹುಡುಗಿಯ ಕೈಯಲ್ಲಿ ನೀರಿನ ದೊಡ್ಡ ಜಗ್ಗು. ಎಲ್ಲರ ಕೈಯಲ್ಲೂ ಅಂಥದ್ದೇ ಒಂದು. ಅವಳ ಜಗ್ಗಿನ ತುಂಬಾ ಸ್ಟಿಕ್ಕರ್‌ಗಳು. ಹತ್ತಿರದಿಂದ ನೋಡಿದೆ. ಬ್ಲೂಕೋಟ್ಸ್, ಟ್ರೂಪರ್ಸ್, ಮ್ಯಾಂಡರಿನ್ಸ್, ಕೋಲ್ಟ್ಸ್. ತನ್ನ ತಂಡದ್ದು ಒಂದೇ, ಉಳಿದವೆಲ್ಲ ಎದುರಾಳಿಗಳದ್ದು.

ಅವರಿಬ್ಬರೂ ಎದುರಾದಾಗ ಯಾರಿಗೆ ಎಷ್ಟು ಅಂಕ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅಂಕ ಆಗಲೇ ಬಂದಿತ್ತು. ನೂರಕ್ಕೆ ಲೆಕ್ಕ, ದಶಮಾಂಶದ ಮುಂದೆ ಮೂರು ಸ್ಥಾನ. ಅವರು ಆ ಸುದ್ದಿಯನ್ನೇ ಎತ್ತಲಿಲ್ಲ. "ರನ್ ಹೇಗಾಯ್ತು?" ಇದು ಮೊದಲನೇ ಪ್ರಶ್ನೆ. ರನ್ ಅಂದರೆ ಆ ರಾತ್ರಿ ಶೋ ಆಡಿದ್ದು. "ನಿಮಗೆ ಇವತ್ತು ಜಿಮ್‌ನಲ್ಲಿ ಎಸಿ ಇದೆಯಾ?" ಇದು ಎರಡನೆಯದು. ಎಸಿ ಇದೆ ಅಂದಾಗ ಇನ್ನೊಬ್ಬನ ಮುಖದಲ್ಲಿ ಕಂಡ ಹೊಟ್ಟೆಕಿಚ್ಚು ಯಾವ ಟ್ರೋಫಿಗೂ ಬರುವಂಥದ್ದಲ್ಲ. ಆಮೇಲೆ ಇಬ್ಬರೂ ಕಾಲು ಮುಂದೆ ಚಾಚಿ ಸಾಕ್ಸಿನ ಗೆರೆ ಹೋಲಿಸಿದರು. ಮೊಣಕಾಲಿನಿಂದ ಕಣಕಾಲಿನವರೆಗೆ ಬಿಸಿಲಿಗೆ ಕಂದಿದ ಚರ್ಮ, ಕೆಳಗೆ ಬೆಳ್ಳಗೆ. ಯಾರ ಗೆರೆ ಢಾಳಾಗಿದೆ ಅಂತ ಸ್ಪರ್ಧೆ. ಅಳಿಯ ತೀರ್ಪುಗಾರ.

ನಾನು ಕರಾವಳಿಯವನು. ಜೋಡಾಟ ನೋಡಿ ಬೆಳೆದವನು. ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ರಾತ್ರಿಯಿಡೀ ಜಿದ್ದಾಜಿದ್ದಿ. ಭಾಗವತರ ಸ್ವರ ಏರಿದಷ್ಟೂ ಆಚೆ ಮೇಳದ ಚೆಂಡೆಯೂ ಏರುತ್ತಿತ್ತು. ಬೆಳಗಾದ ಮೇಲೆ ಎರಡೂ ಮೇಳದ ವೇಷಧಾರಿಗಳು, ಬಣ್ಣ ಪೂರ್ತಿ ಬಿಟ್ಟಿರದ ಮುಖದಲ್ಲೇ, ಒಂದೇ ಚಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಜಿದ್ದು ಪ್ರೇಕ್ಷಕರದ್ದೇ ಜಾಸ್ತಿ. ಇಲ್ಲೂ ಅಷ್ಟೇ. ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತಿದ್ದ ಗಂಡಹೆಂಡತಿ ತೀರ್ಪುಗಾರರಿಗೆ ಶಾಪ ಹಾಕುತ್ತಿದ್ದರು. ಹೊರಗೆ ಮಕ್ಕಳು ಪರಸ್ಪರ ತಟ್ಟೆಯಿಂದ ಚಿಪ್ಸ್ ಕದಿಯುತ್ತಿದ್ದರು.

ನನಗೆ ಅನಿಸಿದ್ದು ಇಷ್ಟು. ಆ ಬೇಸಿಗೆ ಹೇಗಿತ್ತು ಅಂತ ಮನೆಯವರಿಗೆ ಹೇಳಿದರೂ ಅರ್ಥವಾಗಲ್ಲ. ಕಾಲೇಜಿನ ಗೆಳೆಯರಿಗೂ ಆಗಲ್ಲ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಲ್ಲಿ ಬಸ್ಸಿನಿಂದ ಇಳಿದು ಹಾಸಿಗೆ ಹೊತ್ತುಕೊಂಡು ಜಿಮ್ಮಿಗೆ ನಡೆದವರಿಗೆ ಮಾತ್ರ ಆಗುತ್ತೆ. ಅಂಥವರು ಇರುವುದು ಒಂದೋ ಸ್ವಂತ ತಂಡದಲ್ಲಿ, ಇಲ್ಲ ಎದುರಾಳಿ ತಂಡದಲ್ಲಿ. ಜೊತೆಗೆ ಇನ್ನೊಂದು ವಿಷಯ. ಇಲ್ಲಿ ಒಬ್ಬರು ಇನ್ನೊಬ್ಬರನ್ನು ಬೀಳಿಸುವಂತಿಲ್ಲ, ಚೆಂಡು ಕಸಿಯುವಂತಿಲ್ಲ. ತಮ್ಮ ಶೋ ತಾವು ಆಡಿ ಬರಬೇಕು ಅಷ್ಟೇ. ಮಧ್ಯೆ ದ್ವೇಷ ಹುಟ್ಟಲು ಆಸ್ಪದ ಕಡಿಮೆ. ಕೆಲವರು ಈ ವರ್ಷ ಒಂದು ತಂಡ, ಮುಂದಿನ ವರ್ಷ ಇನ್ನೊಂದು ತಂಡ ಅಂತ ಬದಲಾಯಿಸುವುದೂ ಉಂಟು. 2023ರಲ್ಲಿ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ಎಂಬ ಹಳೇ ತಂಡ ಒಂದು ಬೇಸಿಗೆ ಸ್ಪರ್ಧೆಗೆ ಇಳಿಯಲೇ ಇಲ್ಲ. ಆಗ ಅಲ್ಲಿನ ಮಕ್ಕಳು ಬೇರೆ ಬೇರೆ ತಂಡ ಸೇರಿ ಆಡಿದರು. 2024ರಲ್ಲಿ ವ್ಯಾನ್‌ಗಾರ್ಡ್ ಮತ್ತೆ ಬಂತು.

ಊಟವಾದ ಮೇಲೆ ತಂಡಗಳು ಒಂದೊಂದಾಗಿ ಕತ್ತಲೆಯಲ್ಲಿ ಸುತ್ತುಗಟ್ಟಿ ನಿಂತವು. ಹೆಗಲ ಮೇಲೆ ಕೈ ಹಾಕಿಕೊಂಡು ತಮ್ಮ ತಂಡದ ಹಾಡು ಹಾಡುವುದು ಬಹಳ ತಂಡಗಳ ಪದ್ಧತಿ. ಅದು ಪ್ರದರ್ಶನವಲ್ಲ, ಅವರ ಖಾಸಗಿ ವಿಷಯ. ಅಳಿಯ ನನ್ನ ತೋಳು ಹಿಡಿದು ಹತ್ತು ಹೆಜ್ಜೆ ಹಿಂದೆ ಎಳೆದ. ಫೋನ್ ತೆಗೆಯಬೇಡ ಅಂದ. ಅಲ್ಲಿದ್ದ ಹೊರಗಿನವರೆಲ್ಲ ಹಾಗೇ ಹಿಂದೆ ಸರಿದು ನಿಂತಿದ್ದರು. ಅಮೆರಿಕದಲ್ಲಿ ಯಾರೂ ವಿಡಿಯೊ ಮಾಡದ ಒಂದು ಗಳಿಗೆ ನೋಡಿದ್ದು ನನಗೆ ಅದೇ ಮೊದಲು.

ಮುಂದಿನ ವಾರ ಇಂಡಿಯಾನಾಪೊಲಿಸ್. ಎಡಿಸನ್‌ನಿಂದ ಕಾರಲ್ಲಿ ಪೂರಾ ಒಂದು ಹಗಲು. ಪೆನ್ಸಿಲ್ವೇನಿಯಾದ ಗುಡ್ಡ ಮುಗಿದ ಮೇಲೆ ಓಹಿಯೊದ ಜೋಳದ ಹೊಲ, ಜೋಳ ಮುಗಿದರೆ ಸೋಯಾಬೀನ್, ಆಮೇಲೆ ಮತ್ತೆ ಜೋಳ. ಮಾರ್ಗದ ಬಗ್ಗೆ ಬರೆಯಲು ಅಷ್ಟೇ ಇರುವುದು.

2009ರಿಂದ ಫೈನಲ್ಸ್ ನಡೆಯುವುದು ಲ್ಯೂಕಾಸ್ ಆಯಿಲ್ ಕ್ರೀಡಾಂಗಣದಲ್ಲಿ. ಛಾವಣಿಯಿರುವ, ಎಸಿಯ, ದೈತ್ಯ ಕಟ್ಟಡ. ಗುರುವಾರ ಎಲ್ಲ ತಂಡಗಳು, ಶುಕ್ರವಾರ 25, ಶನಿವಾರ 12. ನಿಜ ಹೇಳಬೇಕೆಂದರೆ ನನಗೆ ಅಲೆನ್‌ಟೌನೇ ಹಿಡಿಸಿತು. ಇಲ್ಲಿ ಸದ್ದು ಛಾವಣಿಗೆ ಹೋಗಿ ತಿರುಗಿ ಬರುತ್ತದೆ. ಆದರೆ ಊರು ಮಾತ್ರ ಸಂಭ್ರಮದಲ್ಲಿತ್ತು. ಮಾನ್ಯುಮೆಂಟ್ ಸರ್ಕಲ್‌ನ ಮೆಟ್ಟಿಲುಗಳ ಮೇಲೆ ಎಲ್ಲಿ ನೋಡಿದರೂ ತಂಡದ ಜಾಕೆಟ್ ತೊಟ್ಟವರು.

ಅಲ್ಲೇ ಒಂದು ಸಂಜೆ ಮ್ಯಾಡಿಸನ್ ಸ್ಕೌಟ್ಸ್‌ನ ಸುದ್ದಿ ಕೇಳಿದ್ದು. 1938ರಲ್ಲಿ ವಿಸ್ಕಾನ್ಸಿನ್‌ನ ಸ್ಕೌಟ್ ಹುಡುಗರಿಂದ ಶುರುವಾದ ತಂಡ. ಇವರ ಹಾಡು 'ಯೂ ವಿಲ್ ನೆವರ್ ವಾಕ್ ಅಲೋನ್'. ಫುಟ್‌ಬಾಲ್ ನೋಡುವವರಿಗೆ ಲಿವರ್‌ಪೂಲ್ ಅಭಿಮಾನಿಗಳ ಬಾಯಲ್ಲಿ ಕೇಳಿ ಗೊತ್ತಿರುತ್ತದೆ. ಸ್ಕೌಟ್ಸ್‌ಗೆ ಅದು ದಶಕಗಳ ಹಳೆಯ ರೂಢಿ. ಅವರು ಹಾಡಲು ನಿಂತರೆ ಹಳೆಯ ಸದಸ್ಯರೂ ಬಂದು ಹೆಗಲು ಕೊಡುತ್ತಾರೆ. ನಮಗೆ ಇದನ್ನು ಹೇಳಿದ ಅಜ್ಜನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಸ್ಕೌಟ್ಸ್‌ನವರಲ್ಲ, ಹಿಂದೆ ಅವರ ಎದುರು ಆಡಿದವರು. ಹಾಡಿನ ಸಾಲುಗಳೆಲ್ಲ ಬಾಯಿಪಾಠ.

ಶನಿವಾರ ರಾತ್ರಿ ಅಂಕಗಳನ್ನು ಹನ್ನೆರಡನೇ ಸ್ಥಾನದಿಂದ ಮೇಲಕ್ಕೆ ಓದುತ್ತಾ ಹೋದರು. ತಂಡದ ಹೆಸರು ಕರೆದಾಗ ಡ್ರಮ್ ಮೇಜರ್‌ಗಳು, ಅಂದರೆ ತಂಡವನ್ನು ಮುನ್ನಡೆಸುವವರು, ಮುಂದೆ ಬಂದು ಸಲ್ಯೂಟ್ ಮಾಡಬೇಕು. ಒಬ್ಬೊಬ್ಬರದು ಒಂದೊಂದು ಶೈಲಿ, ಕೈ ಬೀಸಿ, ತಿರುವಿ, ಕೊನೆಗೆ ಹುಬ್ಬಿಗೆ ತರುತ್ತಾರೆ. ಮುಖದಲ್ಲಿ ನಗುವಿಲ್ಲ. ಇಂಥ ರಾತ್ರಿಗಳಲ್ಲಿ ಕೂದಲೆಳೆಯ ವ್ಯತ್ಯಾಸಕ್ಕೆ ಪಟ್ಟ ಕೈತಪ್ಪಿದ್ದಿದೆ. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ಗೆದ್ದದ್ದು ಬ್ಲೂ ಡೆವಿಲ್ಸ್‌ಗಿಂತ ಬರೀ 0.025 ಅಂಕ ಜಾಸ್ತಿ ಪಡೆದು. ಅಷ್ಟು ಸಣ್ಣ ಅಂತರವನ್ನು ಯಾವ ಕಿವಿ ಅಳೆಯುತ್ತದೋ ದೇವರೇ ಬಲ್ಲ. 1996, 1999, 2000ರಲ್ಲಿ ಎರಡೆರಡು ತಂಡಗಳು ಸಮಸಮ ಬಂದು ಪಟ್ಟ ಹಂಚಿಕೊಂಡವು. ನನ್ನನ್ನು ಕೇಳಿದರೆ ಅದೇ ಸರಿ.

ಈ ಸಲ ಗೆದ್ದದ್ದು ಬೋಸ್ಟನ್ ಕ್ರುಸೇಡರ್ಸ್. 1940ರಲ್ಲಿ ಶುರುವಾದ ತಂಡಕ್ಕೆ ಇದು ಮೊಟ್ಟಮೊದಲ ಚಾಂಪಿಯನ್ ಪಟ್ಟ. ನಮ್ಮ ಸಾಲಿನಲ್ಲಿ ಬೇರೆ ಬೇರೆ ತಂಡಗಳ ಅಂಗಿ ತೊಟ್ಟವರೂ ಎದ್ದು ಕೂಗಿದರು. ಎಂಬತ್ತೈದು ವರ್ಷ ಕಾದವರ ಸರದಿ ಬಂತಲ್ಲ ಅನ್ನುವ ಖುಷಿ. ಪಕ್ಕದಲ್ಲಿದ್ದ ಹೆಂಗಸು, ಬ್ಲೂ ಡೆವಿಲ್ಸ್ ಟೋಪಿಯವಳು, ಕಣ್ಣೊರೆಸಿಕೊಂಡು "ನಮ್ಮ ಹತ್ತಿರ ಈಗಾಗಲೇ 21 ಇವೆ ಬಿಡಿ" ಅಂದಳು.

ಹೊರಗೆ ಬಂದರೆ ವ್ಯಾಪಾರ ಶುರುವಾಗಿತ್ತು. ದುಡ್ಡಿನದ್ದಲ್ಲ, ಅದಲು ಬದಲು. ಬೇಸಿಗೆಯಿಡೀ ಹಾಕಿದ ಟೀ ಶರ್ಟನ್ನು ಇನ್ನೊಂದು ತಂಡದವರಿಗೆ ಕೊಟ್ಟು ಅವರದ್ದು ಪಡೆಯುವುದು. ಒಗೆದಿರುತ್ತಾ ಅಂತ ಅಕ್ಕ ಕೇಳಿದಳು. ಯಾರೂ ಉತ್ತರಿಸಲಿಲ್ಲ. ನಮ್ಮ ಸ್ನೇರ್ ಹುಡುಗನಿಗೆ 22 ತುಂಬುವುದರಲ್ಲಿತ್ತು. ಅವನ ಪಾಲಿಗೆ ಇದು ಕೊನೆಯ ಬೇಸಿಗೆ. ಅಂಥವರನ್ನು ತಂಡದವರು ಒಬ್ಬೊಬ್ಬರಾಗಿ ಬಂದು ತಬ್ಬಿಕೊಳ್ಳುತ್ತಿದ್ದರು. ಅವನನ್ನು ತಬ್ಬಿಕೊಂಡವರ ಸಾಲಿನಲ್ಲಿ ಮೂರು ನಾಲ್ಕು ಬಣ್ಣದ ಸಮವಸ್ತ್ರ ಕಂಡವು. ಎರಡು ಡ್ರಮ್ ಕೋಲುಗಳಲ್ಲಿ ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಬೇರೆ ತಂಡದ ಸ್ನೇರ್ ಹುಡುಗಿಗೆ ಕೊಟ್ಟ. ತುದಿ ಸೀಳಿಹೋಗಿದ್ದ ಕೋಲು, ಬಾರಿಸಲು ಬರುವಂಥದ್ದಲ್ಲ. ಅವಳು ಅದನ್ನು ಬೆನ್ನಿನ ಚೀಲಕ್ಕೆ ಹುಷಾರಾಗಿ ಸಿಕ್ಕಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಹೋಟೆಲಿನ ತಿಂಡಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಫಲ್ ಯಂತ್ರದ ಮುಂದೆ ಬಾಡಿದ ಮುಖದ ಮಕ್ಕಳ ಸಾಲು. ಯಾರು ಯಾವ ತಂಡ ಅಂತ ಅಂಗಿ ನೋಡಿ ಹೇಳುವಂತಿರಲಿಲ್ಲ, ಎಲ್ಲರ ಮೈಮೇಲೂ ಬೇರೆಯವರದ್ದೇ.

ವಾಪಸು ಬರುವಾಗ ಓಹಿಯೊ ಹತ್ತಿರ ಅಳಿಯ ಮೆಲ್ಲಗೆ ಬಾಯಿ ಬಿಟ್ಟ. ಚಳಿಗಾಲಕ್ಕೆ ಆಡಿಷನ್ ಇದೆಯಂತೆ. ಶುಲ್ಕ ಕೇಳಿದ ಮೇಲೆ ಭಾವ ಎರಡು ಎಕ್ಸಿಟ್ ದಾಟುವವರೆಗೆ ಮಾತಾಡಲಿಲ್ಲ. ಅಕ್ಕನ ಚಿಂತೆ ಬೇರೆ. "ಜಿಮ್ ನೆಲದ ಮೇಲೆ ಮಲಗ್ತೀಯೇನೋ?" ಅಂದಳು. "ಗಾಳಿ ಹಾಸಿಗೆ ಒಯ್ಯಬಹುದು ಅಮ್ಮ, ಎದ್ದ ತಕ್ಷಣ ನಾವೇ ಮಡಚಿಡಬೇಕು ಅಷ್ಟೇ." ಅಕ್ಕ ಚಕ್ಕುಲಿ ಡಬ್ಬ ಮುಚ್ಚಿ ಹಿಂದೆ ತಿರುಗಿದಳು. "ಹಾಗಾದ್ರೆ ನಾಳೆಯಿಂದ ಮನೇಲೇ ಪ್ರಾಕ್ಟೀಸ್ ಶುರು ಮಾಡು."