ನಾಗನ ಜಾಗಕ್ಕೆ ಇಂಟರ್‌ಲಾಕ್ ಹಾಕಿದ ಮೇಲೆ

ನಾಗರ ಪಂಚಮಿಗೆ ಊರಿಗೆ ಹೋಗಿ ಬಂದೆ. ಉಡುಪಿಯಿಂದ ಸ್ವಲ್ಪ ಒಳಗೆ ನಮ್ಮ ಮೂಲಮನೆ, ತೋಟ ದಾಟಿದರೆ ನಾಗಬನ, ನಾಗದೇವರಿಗೆಂದು ಬಿಟ್ಟ ಕಾಡು. ಬನ ಅನ್ನುವುದು ಈಗ ಬಾಯಿಯ ರೂಢಿ ಅಷ್ಟೆ. ಎಂಟು ಸೆಂಟ್ಸ್ ಜಾಗದಲ್ಲಿ ಆರು ಸೆಂಟ್ಸಿಗೆ ಸಿಮೆಂಟ್ ಕಲ್ಲಿನ ಇಂಟರ್‌ಲಾಕ್, ನಡುವೆ ಗ್ರಾನೈಟ್ ಕಟ್ಟೆ, ಮೇಲೆ ಶೀಟು.

ನಾಲ್ಕು ವರ್ಷದ ಹಿಂದೆ ಜೀರ್ಣೋದ್ಧಾರದ ಮಾತು ಎದ್ದಾಗ ನಾನೂ ಹಣ ಕಳಿಸಿದ್ದೆ. ಕುಟುಂಬದ ಸಭೆಯಲ್ಲಿ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ದೊಡ್ಡಪ್ಪ ಹೇಳಿದ ಕಾರಣಗಳು ಸುಳ್ಳಾಗಿರಲಿಲ್ಲ. ಆಷಾಢ, ಶ್ರಾವಣದಲ್ಲಿ ವಯಸ್ಸಾದವರು ಜಾರಿ ಬೀಳುತ್ತಿದ್ದರು. ಉಂಬಳದ (ಜಿಗಣೆಯ) ಕಾಟ. ನಾಗನಿಗೆ ಮಾಡುವ ತಂಬಿಲ ಸೇವೆಗೆ ಬಂದವರು ನಿಲ್ಲಲಿಕ್ಕೆ ಜಾಗವಿರಲಿಲ್ಲ. ಎಲ್ಲರಿಗೂ ಭಕ್ತಿಯಿತ್ತು, ದೇವರಿಗೆ ಚಂದ ಮಾಡಬೇಕೆಂಬ ಆಸೆಯಿತ್ತು. ಅದಕ್ಕೇ ಈ ವಿಷಯ ನನ್ನನ್ನು ಇಷ್ಟು ಕೊರೆಯುತ್ತದೆ.

ಚಿಕ್ಕಂದಿನಲ್ಲಿ ಕಂಡ ಬನದೊಳಗೆ ಮಧ್ಯಾಹ್ನ ಹನ್ನೆರಡಕ್ಕೂ ಮಬ್ಬು. ಸುರಗಿ, ರಂಜ, ಬೈನೆ, ಅವಕ್ಕೆಲ್ಲ ಸುತ್ತಿಕೊಂಡ ಬೆತ್ತ, ನನ್ನ ತೊಡೆಯಷ್ಟು ದಪ್ಪದ ಬಳ್ಳಿಗಳು. ತರಗೆಲೆಯ ಮೇಲಿನ ಪದರ ಗರಗರ ಒಣಗಿರುತ್ತಿತ್ತು, ಬೆರಳು ಒಳಗಿಳಿಸಿದರೆ ಮಾರ್ಚ್ ತಿಂಗಳಲ್ಲೂ ತಣ್ಣನೆ ತೇವ. ಹಟ್ಟಿಗೆ ಹಾಸಲು ಗುಡ್ಡವೆಲ್ಲ ಗುಡಿಸಿ ತರಗೆಲೆ ತರುತ್ತಿದ್ದ ಅಜ್ಜಿ ಬನದಿಂದ ಒಂದು ಎಲೆ ತಂದವರಲ್ಲ. ಒಮ್ಮೆ ನಾನು ಅಲ್ಲಿಂದ ಬೆತ್ತದ ಕೋಲು ಮುರಿದು ತಂದಾಗ ಅವರು ಬೈಯಲಿಲ್ಲ. ಕೋಲನ್ನು ನನ್ನ ಕೈಯಲ್ಲೇ ವಾಪಸು ಇಡಿಸಿ, "ಅಲ್ಲಿಂದ ಎಂತದೂ ತರ್ಲಿಕ್ಕಿಲ್ಲ ಮಗಾ. ಅದು ನಮ್ಮದಲ್ಲ" ಎಂದರು.

ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರ ನನಗೆ ಅರ್ಥವಾದದ್ದು ಆ ಮಾತಿನಿಂದ. "ತೇನ ತ್ಯಕ್ತೇನ ಭುಂಜೀಥಾ, ಮಾ ಗೃಧಃ ಕಸ್ಯಸ್ವಿದ್ಧನಮ್." ಶಂಕರರು ಇದನ್ನು ತ್ಯಾಗದಿಂದ ನಿನ್ನನ್ನು ಕಾಪಾಡಿಕೋ ಎಂದು ಓದಿದರು. ನಮ್ಮ ಪಾಜಕದ ಮಧ್ವರು ಅವನು ಕೊಟ್ಟದ್ದನ್ನು ಉಣ್ಣು ಎಂದು ಓದಿದರು. ಎರಡರ ಕೊನೆಗೂ ಇರುವುದು ಒಂದೇ: ಇನ್ನೊಬ್ಬರ ಸೊತ್ತಿಗೆ ಆಸೆಪಡಬೇಡ. ಆ ಇನ್ನೊಬ್ಬರಲ್ಲಿ ಹಾವು, ಬಳ್ಳಿ, ಗೆದ್ದಲು ಎಲ್ಲ ಸೇರುತ್ತವೆ ಎಂದು ಶಾಲೆಗೇ ಹೋಗದ ಅಜ್ಜಿಗೆ ಗೊತ್ತಿತ್ತು.

ಬನಗಳು ಉಳಿದದ್ದು ಸರ್ಪದೋಷದ ಹೆದರಿಕೆಯಿಂದ ಅನ್ನುವವರಿದ್ದಾರೆ. ಹೆದರಿಕೆ ಇತ್ತು, ಇಲ್ಲ ಎನ್ನಲಾರೆ. ಆದರೆ ಹೆದರಿಕೆ ಈಗಲೂ ಇದೆಯಲ್ಲ! ಆ ದೋಷ ಕಳೆಯಲು ಆಶ್ಲೇಷಾ ಬಲಿ ಪೂಜೆ ಮಾಡಿಸುವವರು ಕಡಿಮೆಯಾಗಿಲ್ಲ. ಹೋದದ್ದು ನಮ್ಮದಲ್ಲ ಅನ್ನುವ ಅರಿವು. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿವೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯಶಾಸ್ತ್ರಜ್ಞ ವರ್ತಕ್ ಪಶ್ಚಿಮಘಟ್ಟದ ಇಂಥ ಕಾಡುಗಳನ್ನು ಸುತ್ತಿ ದಾಖಲಿಸಿದ್ದಾರೆ. ಅವೆಲ್ಲ ಉಳಿದದ್ದು ಜನ ಅಲ್ಲಿ ಏನೋ ಮಾಡಿದ್ದರಿಂದಲ್ಲ, ಮಾಡದೆ ಬಿಟ್ಟದ್ದರಿಂದ.

ಮಹಾಭಾರತದಲ್ಲಿ ಖಾಂಡವವನ ಸುಟ್ಟಾಗ ಉಳಿದವರು ಆರು: ತಕ್ಷಕನ ಮಗ ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ವ್ಯಾಸರು ಅಷ್ಟಾದರೂ ಲೆಕ್ಕ ಇಟ್ಟರು. ನಮ್ಮ ಬನಕ್ಕೆ ಜೆಸಿಬಿ ಬಂದ ದಿನ ಯಾರೂ ಲೆಕ್ಕ ಇಡಲಿಲ್ಲ. ಎರಡು ಕೇರೆಹಾವು ತೋಟದ ಕಡೆ ಹರಿದದ್ದನ್ನು ಕೆಲಸದವರು ನೋಡಿದರಂತೆ.

ಈಗ ಅಲ್ಲಿ ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ, ಕಲ್ಲು ಸುಡುತ್ತದೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಆ ನೀರನ್ನು ತಡೆದು ನಿಧಾನಕ್ಕೆ ಕೆಳಗಿಳಿಸುತ್ತಿದ್ದ ತರಗೆಲೆ ಇಲ್ಲ. ಪಂಚಮಿ ದಿನ ನೋಡುತ್ತಿದ್ದೆ: ಶೀಟಿನಿಂದ ಬಿದ್ದ ನೀರು ಇಂಟರ್‌ಲಾಕ್ ಮೇಲೆ ಓಡಿ, ನಾಗನಿಗೆ ತನು (ಅಭಿಷೇಕ) ಎರೆದ ಹಾಲು ಮತ್ತು ಅರಶಿನವನ್ನೂ ಕೂಡಿಸಿಕೊಂಡು, ಸೀದಾ ಚರಂಡಿಗೆ ಹೋಯಿತು.

ಪೂಜೆ ಮುಗಿದು ಎಲ್ಲರೂ ಊಟಕ್ಕೆ ಹೋದ ಮೇಲೆ ದೊಡ್ಡಪ್ಪನ ಹತ್ತಿರ ಮಾತೆತ್ತಿದೆ. "ಹಿಂದಿನ ಎರಡು ಸೆಂಟ್ಸ್ ಹಾಗೇ ಬಿಡುವ ದೊಡ್ಡಪ್ಪ. ಅಂಚಿನ ಎರಡು ಸಾಲು ಇಂಟರ್‌ಲಾಕ್ ತೆಗೆಸುವ. ಖರ್ಚು ನಾನು ಕೊಡ್ತೇನೆ." ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಪ್ರತಿಷ್ಠೆ, ಬ್ರಹ್ಮಕಲಶ ಆದದ್ದನ್ನು ಮುಟ್ಟುವುದು ಹೇಗೆ? ತಂತ್ರಿಗಳನ್ನು ಕೇಳ್ಬೇಕು" ಎಂದರು. ಕೇಳೋಣ ಎಂದೆ. ಏಳುವಾಗ ಅವರೇ ನನ್ನನ್ನು ಬೇಲಿಯ ಮೂಲೆಗೆ ಕರೆದು, ಎರಡು ಕಲ್ಲುಗಳ ಸಂದಿಯಿಂದ ಎದ್ದಿದ್ದ ಬೈನೆ ಸಸಿ ತೋರಿಸಿದರು. ಯಾರೂ ನೆಟ್ಟದ್ದಲ್ಲ, ರಾತ್ರಿ ಬರುವ ಮರಬೆಕ್ಕು ಬೀಜ ಹಾಕಿ ಹೋಗಿರಬೇಕು. ಗೇಣುದ್ದ ಇತ್ತು. ಕ್ಲೀನ್ ಮಾಡುವವನಿಗೆ ಅದನ್ನು ಕೀಳಬೇಡ ಅಂತ ಹೇಳಿದ್ದಾರಂತೆ.